ಸಾಲಗಾರ ಕಳ್ಳನಲ್ಲ: ದಿಲ್ಲಿ ಹಾಕಿದ ರುಜು ತಾಲ್ಲೂಕು ಕೋರ್ಟಿಗೂ ಬರಲಿ



ನಮ್ಮ ಹಳ್ಳಿಗಳಲ್ಲಿ ಎಂಥ ಗಟ್ಟಿ ಮನುಷ್ಯನನ್ನೂ ನಡುಗಿಸುವ ಮಾತೊಂದಿದೆ. "ದುಡ್ಡು ಕಟ್ಟದಿದ್ದರೆ ಜೈಲಿಗೆ ಹಾಕಿಸ್ತೀನಿ" ಅನ್ನುವ ಮಾತು. ಲೇವಾದೇವಿಯವನು ಅನ್ನುತ್ತಾನೆ, ಫೈನಾನ್ಸಿನವನು ಅನ್ನುತ್ತಾನೆ, ವಸೂಲಿಗೆ ಬಂದ ಹುಡುಗನೂ ಮೋಟಾರ್ ಸೈಕಲ್ಲಿನಿಂದ ಕೆಳಗಿಳಿಯದೆಯೇ ಅನ್ನುತ್ತಾನೆ. ಮಳೆ ಕೈಕೊಟ್ಟಾಗ ತಡೆದುಕೊಂಡ ರೈತ, ಬೆಲೆ ಬಿದ್ದಾಗಲೂ ಹಲ್ಲು ಕಚ್ಚಿ ತಡೆದುಕೊಂಡ ರೈತ, ಈ ಒಂದು ಮಾತಿಗೆ ಕುಸಿದು ಕೂರುತ್ತಾನೆ. ಅವನಿಗೆ ಜೈಲಿನ ಊಟದ ಭಯವಲ್ಲ. ಅಮೀನನ ಹಿಂದೆ ಊರ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಲ್ಲಾ ಅನ್ನುವ ಭಯ. ಈ ಅವಮಾನವನ್ನು ನೆನೆದೇ ಜೀವ ಕಳೆದುಕೊಂಡ ಯಜಮಾನರ ಮನೆಗಳು ಯಾವ ತಾಲ್ಲೂಕಿನಲ್ಲಿಲ್ಲ ಹೇಳಿ?

ಆದ್ದರಿಂದ ಈ ಮಾತು ಎಷ್ಟು ನಿಜ, ಎಷ್ಟು ಬೆದರಿಕೆ ಎಂಬುದನ್ನು ಇವತ್ತು ಕೂತು ಲೆಕ್ಕ ಹಾಕೋಣ. ಲೆಕ್ಕ ಹಾಕುವಾಗ ನಿಮಗೆ ವಿಚಿತ್ರ ಅನಿಸುವ ಒಂದು ಕಾಗದವನ್ನು ಮುಂದಿಡುತ್ತೇನೆ. ಅದು ವಿಶ್ವಸಂಸ್ಥೆಯ ಕಾಗದ. "ನಮ್ಮೂರ ಸೊಸೈಟಿ ಸಾಲಕ್ಕೂ ವಿಶ್ವಸಂಸ್ಥೆಗೂ ಏನ್ರೀ ಸಂಬಂಧ?" ಅಂತ ನೀವು ನಗಬಹುದು. ಸಂಬಂಧ ಇದೆ. ಅದನ್ನು ನಮ್ಮ ಸುಪ್ರೀಂ ಕೋರ್ಟೇ 1980ರಲ್ಲಿ ಹೇಳಿದೆ. ಹೇಳಿ ನಾಲ್ಕು ದಶಕ ದಾಟಿದರೂ ನಮ್ಮ ಕಿವಿಗೆ ಬೀಳಲಿಲ್ಲ, ಅಷ್ಟೆ.

ಕಾಗದದಲ್ಲಿ ಏನಿದೆ?

1966ರ ಡಿಸೆಂಬರ್ 16ರಂದು ವಿಶ್ವಸಂಸ್ಥೆಯ ಮಹಾಸಭೆ ಎರಡು ಒಡಂಬಡಿಕೆಗಳನ್ನು ಒಪ್ಪಿತು. ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು. ಇನ್ನೊಂದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದ್ದು. ಭಾರತ ಸರ್ಕಾರ 1979ರ ಏಪ್ರಿಲ್ 10ರಂದು ಎರಡಕ್ಕೂ ಸೇರಿಕೊಂಡಿತು. ಮೊದಲನೆಯ ಒಡಂಬಡಿಕೆಯ 11ನೇ ವಿಧಿ ಒಂದೇ ಒಂದು ವಾಕ್ಯ. ಕರಾರಿನ ಪ್ರಕಾರ ಸಲ್ಲಿಸಬೇಕಾದ್ದನ್ನು ಸಲ್ಲಿಸುವ ಶಕ್ತಿಯಿಲ್ಲ ಎಂಬ ಕಾರಣ ಒಂದಕ್ಕೇ ಯಾರನ್ನೂ ಸೆರೆಮನೆಗೆ ಹಾಕಬಾರದು ಎಂದು ಅದು ಹೇಳುತ್ತದೆ.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಟ್ಟಲಾರದವನು ಬೇರೆ, ಕಟ್ಟದವನು ಬೇರೆ. ಕೈಯಲ್ಲಿ ದುಡ್ಡಿಟ್ಟುಕೊಂಡು ಇಲ್ಲ ಅನ್ನುವವನ ಬಗ್ಗೆ ಈ ವಿಧಿಗೆ ಕನಿಕರವಿಲ್ಲ. ಕೈಯೇ ಬರಿದಾದವನನ್ನು ಜೈಲಿಗೆ ಹಾಕುವುದನ್ನು ಮಾತ್ರ ಅದು ಒಪ್ಪುವುದಿಲ್ಲ.

ಇದು ಎಷ್ಟು ಗಟ್ಟಿ ಹಕ್ಕು ಅಂದರೆ, ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಾಗಲೂ ಸರ್ಕಾರಗಳು ಬದಿಗಿಡಬಾರದ ಕೆಲವೇ ಹಕ್ಕುಗಳ ಪಟ್ಟಿಯಲ್ಲಿ ಇದು ಸೇರಿದೆ. ಅದೇ ಒಡಂಬಡಿಕೆಯ 4ನೇ ವಿಧಿ ಅದನ್ನು ಹೇಳುತ್ತದೆ. ಸೇರುವಾಗ ಭಾರತ ಬೇರೆ ಕೆಲವು ವಿಧಿಗಳಿಗೆ "ನಮ್ಮ ಕಾನೂನಿಗೆ ಒಳಪಟ್ಟು" ಎಂದು ಷರತ್ತು ಹಾಕಿತು. 11ನೇ ವಿಧಿಗೆ ಮಾತ್ರ ಯಾವ ಷರತ್ತೂ ಹಾಕಲಿಲ್ಲ. ಪೂರಾ ಒಪ್ಪಿ ಬಂದಿದ್ದಾರೆ.

ಇಲ್ಲೇ ಒಂದು ತೊಡಕಿದೆ. ನಮ್ಮ ದೇಶದಲ್ಲಿ ಸರ್ಕಾರ ಹೊರಗೆ ಹೋಗಿ ರುಜು ಹಾಕಿದ ಮಾತ್ರಕ್ಕೆ ಒಡಂಬಡಿಕೆ ಕಾನೂನಾಗುವುದಿಲ್ಲ. ಸಂವಿಧಾನದ 253ನೇ ವಿಧಿ ಪ್ರಕಾರ ಅದನ್ನು ಜಾರಿಗೆ ತರುವ ಕಾನೂನು ಮಾಡುವ ಅಧಿಕಾರ ಪಾರ್ಲಿಮೆಂಟಿನದು. ಪಾರ್ಲಿಮೆಂಟು ಸುಮ್ಮನಿದ್ದರೆ ಕಾಗದ ದಿಲ್ಲಿಯ ಕಪಾಟಿನಲ್ಲಿ ಕೂರುತ್ತದೆ. ಮುನ್ಸೀಫರ ಮುಂದೆ ಹೋಗಿ "ವಿಶ್ವಸಂಸ್ಥೆ ಹೇಳಿದೆ, ನನ್ನ ಬಿಡಿ" ಅಂದರೆ ನಡೆಯುವುದಿಲ್ಲ. ಹಾಗಾದರೆ ಈ ಕಾಗದದಿಂದ ಏನು ಬಂತು? ಅದನ್ನು ತಿಳಿಯಲು ಕೇರಳಕ್ಕೆ ಹೋಗಬೇಕು.

ಕೊಚ್ಚಿಯ ಮೊಕದ್ದಮೆ

ಬ್ಯಾಂಕ್ ಆಫ್ ಕೊಚಿನ್ ಒಂದು ಸಾಲಕ್ಕೆ ಎರಡೂವರೆ ಲಕ್ಷ ರೂಪಾಯಿಯ ಡಿಕ್ರಿ ಪಡೆದಿತ್ತು. ಸಾಲಗಾರರ ಮೇಲೆ ಬೇರೆ ಡಿಕ್ರಿಗಳೂ ಇದ್ದವು, ಎಲ್ಲ ಸೇರಿ ಏಳು ಲಕ್ಷ ದಾಟಿತ್ತು. ಅವರ ಸ್ಥಿರಾಸ್ತಿಯೆಲ್ಲ ಜಪ್ತಿಯಾಗಿ, ನೋಡಿಕೊಳ್ಳಲು ಕೋರ್ಟು ರಿಸೀವರನನ್ನೂ ನೇಮಿಸಿತ್ತು. ಆಸ್ತಿ ಅವರ ಕೈಯಲ್ಲೇ ಇಲ್ಲ. ಅಷ್ಟಾದರೂ ಬ್ಯಾಂಕು ಸುಮ್ಮನಿರಲಿಲ್ಲ. 1979ರ ಜೂನ್‌ನಲ್ಲಿ ಅವರನ್ನು ಹಿಡಿದು ಸಿವಿಲ್ ಜೈಲಿಗೆ ಹಾಕುವ ವಾರಂಟು ಹೊರಟಿತು. ಈಗ ಅವರ ಹತ್ತಿರ ಕಟ್ಟುವ ಶಕ್ತಿ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ. ಹೈಕೋರ್ಟೂ ವಾರಂಟನ್ನು ಎತ್ತಿಹಿಡಿಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು.

ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚಿನ್. ಈ ಹೆಸರನ್ನು ಬರೆದಿಟ್ಟುಕೊಳ್ಳಿ. 1980ರ ಫೆಬ್ರುವರಿ 4ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಆರ್.ಎಸ್. ಪಾಠಕ್ ಅವರ ಪೀಠ ತೀರ್ಪು ಕೊಟ್ಟಿತು. ಒಡಂಬಡಿಕೆ ತಾನಾಗಿ ನಮ್ಮ ಕಾನೂನಲ್ಲ ಎಂಬುದನ್ನು ತೀರ್ಪು ಒಪ್ಪಿಕೊಂಡಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ನಮ್ಮದೇ ಕಾನೂನಿಗೆ ಎರಡು ಅರ್ಥ ಬರುವಾಗ, ಒಡಂಬಡಿಕೆಗೂ ಸಂವಿಧಾನದ 21ನೇ ವಿಧಿಗೂ ಹೊಂದುವ ಅರ್ಥವನ್ನು ಆರಿಸಿಕೊಂಡಿತು. ಜೀವಕ್ಕೂ ಸ್ವಾತಂತ್ರ್ಯಕ್ಕೂ ರಕ್ಷಣೆ ಕೊಡುವ ವಿಧಿ ಅದು.

ಯಾವ ಕಾನೂನಿಗೆ ಅರ್ಥ ಹಚ್ಚಿದರು? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಸೆಕ್ಷನ್ನಿಗೆ. ಡಿಕ್ರಿ ಹಣ ವಸೂಲಿಗೆ ಸಾಲಗಾರನನ್ನು ಜೈಲಿಗೆ ಹಾಕುವ ದಾರಿ ಅದರಲ್ಲಿದೆ. 1936ರಲ್ಲಿ, ಬ್ರಿಟಿಷರ ಕಾಲದಲ್ಲೇ, ಅದಕ್ಕೊಂದು ಕಡಿವಾಣ ಬಿತ್ತು. ಮುಖ್ಯವಾಗಿ, ಸಾಲಗಾರ ಊರು ಬಿಟ್ಟು ಓಡುವವನಾಗಿರಬೇಕು, ಇಲ್ಲವೇ ದಾವೆ ಹಾಕಿದ ಮೇಲೆ ಆಸ್ತಿಯನ್ನು ಮೋಸದಿಂದ ಸಾಗಿಸಿರಬೇಕು, ಇಲ್ಲವೇ ಡಿಕ್ರಿಯಾದ ಮೇಲೆ ಕಟ್ಟುವ ಶಕ್ತಿ ಇದ್ದೂ ಕಟ್ಟದೆ ಇರಬೇಕು. ತೊಡಕಿದ್ದದ್ದು ಈ ಕೊನೆಯ ಮಾತಿನಲ್ಲಿ. "ಶಕ್ತಿ ಇದೆ ಅಥವಾ ಇತ್ತು" ಎಂದು ಕಾನೂನು ಹೇಳುತ್ತದೆ. ಒಂದಾನೊಂದು ಕಾಲದಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡಿತ್ತು ಅನ್ನುವ ಕಾರಣಕ್ಕೆ ಇವತ್ತು ಬರಿಗೈಯಾದವನನ್ನು ಹಿಡಿದುಹಾಕಬಹುದೇ?

ಆಗದು ಎಂದಿತು ಸುಪ್ರೀಂ ಕೋರ್ಟು. ಬರೀ ಬಾಕಿ ಉಳಿಸಿಕೊಂಡದ್ದು ಸಾಲದು. ದುರುದ್ದೇಶ ಬೇಕು, ಬೇಕೆಂದೇ ಕೊಡದೆ ಸತಾಯಿಸಿದ ನಡತೆ ಬೇಕು, ಇಲ್ಲವೇ ಈಗ ಕಟ್ಟುವ ಶಕ್ತಿ ಇರಬೇಕು. ಕೈಗೆ ದುಡ್ಡು ಬಂದಿದ್ದರೂ ಅದಕ್ಕಿಂತ ದೊಡ್ಡ ಕಷ್ಟ ಎದುರಿಗಿತ್ತೇ, ಮನೆಯಲ್ಲಿ ಕಾಯಿಲೆ ಕಸಾಲೆ ಇತ್ತೇ ಎಂಬುದನ್ನೂ ನೋಡಬೇಕು. ದರಿದ್ರನಾರಾಯಣರ ಈ ನಾಡಿನಲ್ಲಿ ಬಡವನಾಗಿರುವುದು ಅಪರಾಧವಲ್ಲ ಎಂಬುದು ಆ ತೀರ್ಪಿನ ತಿರುಳು. ವಾರಂಟನ್ನು ಬದಿಗಿಟ್ಟು, ಅವರ ಈಗಿನ ಶಕ್ತಿಯನ್ನು ವಿಚಾರಿಸಿ ತೀರ್ಮಾನಿಸಿ ಎಂದು ಮೊಕದ್ದಮೆಯನ್ನು ಕೆಳಗಿನ ಕೋರ್ಟಿಗೆ ಕಳಿಸಿದರು.

ಗಮನಿಸಿ: ಸಾಲ ಮನ್ನಾ ಆಗಲಿಲ್ಲ, ಡಿಕ್ರಿ ರದ್ದಾಗಲಿಲ್ಲ, 51ನೇ ಸೆಕ್ಷನ್ ಬಿದ್ದುಹೋಗಲಿಲ್ಲ. ಆದರೆ ಬಾಕಿದಾರ ಮತ್ತು ಮೋಸಗಾರ ಒಂದೇ ಅಲ್ಲ ಎಂಬುದು ಕಾನೂನಾಯಿತು. ಸಂವಿಧಾನದ 141ನೇ ವಿಧಿ ಪ್ರಕಾರ ಅದು ದೇಶದ ಎಲ್ಲ ಕೋರ್ಟುಗಳನ್ನೂ ಕಟ್ಟುತ್ತದೆ. ನಿಮ್ಮ ತಾಲ್ಲೂಕು ಕೋರ್ಟನ್ನೂ ಕಟ್ಟುತ್ತದೆ.

ಎರಡು ರುಜು, ಎರಡು ನ್ಯಾಯ

ಇನ್ನು ನನ್ನ ತಕರಾರಿಗೆ ಬರುತ್ತೇನೆ.

ದಿಲ್ಲಿ ಸರ್ಕಾರ ಹೊರಗೆ ಹಾಕಿದ ರುಜು ಇದೊಂದೇ ಅಲ್ಲ. 1994ರ ಏಪ್ರಿಲ್ 15ರಂದು ಮೊರಾಕೊ ದೇಶದ ಮರಾಕೆಶ್ ಪಟ್ಟಣದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೂ ರುಜು ಬಿತ್ತು. ಅದಕ್ಕೆ ಮುಂಚೆ ಡಂಕೆಲ್ ಪ್ರಸ್ತಾವದ ವಿರುದ್ಧ ಕರ್ನಾಟಕದ ರೈತರು ಬೀದಿಗಿಳಿದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಆ ರುಜುವಿನ ಗತಿ ಏನಾಯಿತು? ಅದಕ್ಕಾಗಿ ಪೇಟೆಂಟ್ ಕಾನೂನನ್ನು 1999ರಲ್ಲಿ, 2002ರಲ್ಲಿ, 2005ರಲ್ಲಿ ಮೂರು ಸಲ ತಿದ್ದಿದರು. ಹೊರದೇಶದ ಮಾಲಿನ ಪ್ರಮಾಣಕ್ಕಿದ್ದ ತಡೆಗಳಲ್ಲಿ ಉಳಿದಿದ್ದ 715 ವಸ್ತುಗಳ ತಡೆಯನ್ನು 2001ರ ಏಪ್ರಿಲ್ 1ರಿಂದ ತೆಗೆದೇಬಿಟ್ಟರು. ಕೇಳಿದರೆ "ಏನು ಮಾಡೋಣ, ದೇಶ ಮಾತು ಕೊಟ್ಟಿದೆ, ತಪ್ಪುವ ಹಾಗಿಲ್ಲ" ಅಂದರು.

ಸರಿ, ಮಾತು ಕೊಟ್ಟ ಮೇಲೆ ತಪ್ಪಬಾರದು. ನಾವು ರೈತರು, ಮಾತಿನ ಬೆಲೆ ನಮಗೆ ಗೊತ್ತು. ಹಾಗಾದರೆ 1979ರಲ್ಲಿ ಕೊಟ್ಟ ಮಾತು ಮಾತಲ್ಲವೇ? ಕಟ್ಟಲಾರದವನನ್ನು ಜೈಲಿಗೆ ಹಾಕುವುದಿಲ್ಲ ಎಂದು ಪ್ರಪಂಚದ ಮುಂದೆ ಒಪ್ಪಿಬಂದ ಸರ್ಕಾರ, 51ನೇ ಸೆಕ್ಷನ್ನಿನ ಆ ಮಾತನ್ನು ಇವತ್ತಿಗೂ ತಿದ್ದಿಲ್ಲ. 2024ರ ಜುಲೈನಲ್ಲಿ ಕ್ರಿಮಿನಲ್ ಕಾನೂನುಗಳನ್ನು ಹೊಸ ಹೆಸರಿಟ್ಟು ತಂದರು. 1908ರ ಸಿವಿಲ್ ಸಂಹಿತೆ ಮಾತ್ರ ಹಾಗೇ ಇದೆ. ವ್ಯಾಪಾರಿಗೆ ಕೊಟ್ಟ ಮಾತಿಗೆ ಮೂರು ತಿದ್ದುಪಡಿ, ಬಡವನಿಗೆ ಕೊಟ್ಟ ಮಾತಿಗೆ ಒಂದೂ ಇಲ್ಲ. ಇದು ಯಾವ ಸೀಮೆಯ ನ್ಯಾಯ?

ನಮ್ಮವರಲ್ಲೇ ಕೆಲವರು ಹೇಳುತ್ತಾರೆ: "ವಿದೇಶಿ ಕಾಗದ ನಮಗೆ ಯಾಕೆ? ಹೊರಗಿನ ಒಪ್ಪಂದವೆಲ್ಲ ರೈತನ ಕುತ್ತಿಗೆಗೇ ಬಂದಿದೆ." ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಎಲ್ಲ ಕಾಗದವೂ ಒಂದೇ ಅಲ್ಲ. ನಮ್ಮನ್ನು ಕಟ್ಟಿಹಾಕುವ ಒಪ್ಪಂದವನ್ನು ಸರ್ಕಾರ ನಮ್ಮ ಮೇಲೆ ಹೇರುತ್ತದೆ. ನಮ್ಮನ್ನು ಕಾಯುವ ಒಪ್ಪಂದವನ್ನು ನಾವು ಸರ್ಕಾರದ ಮುಂದೆ ಹಿಡಿಯಬೇಡವೇ? ನಮ್ಮ ರೈತ ಚಳವಳಿಯೂ ಹೊರಗಿನ ಪ್ರಪಂಚವನ್ನು ದೂರ ಇಟ್ಟಿಲ್ಲ. 1993ರಲ್ಲಿ ಹುಟ್ಟಿದ ಲಾ ವಿಯಾ ಕಾಂಪೆಸಿನಾ ಎಂಬ ಪ್ರಪಂಚದ ರೈತರ ಒಕ್ಕೂಟದಲ್ಲಿ ಕರ್ನಾಟಕ ರಾಜ್ಯ ರೈತ ಸಂಘವೂ ಸೇರಿದೆ. ಆ ಒಕ್ಕೂಟ ಪಟ್ಟು ಹಿಡಿದು ಹೋರಾಡಿದ್ದರಿಂದಲೇ 2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆ ರೈತರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ ಬಿದ್ದ 121 ಮತಗಳಲ್ಲಿ ಭಾರತದ್ದೂ ಒಂದು. ಘೋಷಣೆಗೆ ಒಡಂಬಡಿಕೆಯಷ್ಟು ಬಲವಿಲ್ಲ, ನಿಜ. ಆದರೂ ನಾಳೆ ಬೀಜದ ಹಕ್ಕಿನ ಮಾತು ಕೋರ್ಟಿನಲ್ಲಿ ಬಂದಾಗ "ನೀವೇ ಕೈಯೆತ್ತಿ ಬಂದಿದ್ದೀರಲ್ಲ" ಎಂದು ಕೇಳಲು ಅದು ಸಾಕು.

ಒಡಂಬಡಿಕೆಯನ್ನು ಕೋರ್ಟಿನಲ್ಲಿ ಹಿಡಿದು ಗೆದ್ದವರು ಬೇರೆಯವರೂ ಇದ್ದಾರೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲೆ ಆಗುವ ಕಿರುಕುಳಕ್ಕೆ ನಮ್ಮಲ್ಲಿ ಕಾನೂನೇ ಇಲ್ಲದಾಗ, ಸುಪ್ರೀಂ ಕೋರ್ಟು 1997ರ ವಿಶಾಖಾ ಮೊಕದ್ದಮೆಯಲ್ಲಿ ಮಹಿಳೆಯರ ಹಕ್ಕುಗಳ ಒಡಂಬಡಿಕೆಯ ಆಧಾರದ ಮೇಲೆ ತಾನೇ ನಿಯಮ ಹಾಕಿಕೊಟ್ಟಿತು. ಪಾರ್ಲಿಮೆಂಟು ಕಾನೂನು ಮಾಡಿದ್ದು 2013ರಲ್ಲಿ. ಆ ಮೊಕದ್ದಮೆಗೆ ಕಾರಣವಾದದ್ದು ರಾಜಸ್ಥಾನದ ಹಳ್ಳಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳಿಗೆ ಆದ ಅನ್ಯಾಯ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯೂ ಮಾನವ ಹಕ್ಕು ಎಂದರೇನು ಎಂದು ಹೇಳುವಾಗ ಈ ಎರಡು ಒಡಂಬಡಿಕೆಗಳ ಹೆಸರು ಹಿಡಿದೇ ಹೇಳುತ್ತದೆ. ಬಾಗಿಲು ಇದೆ, ತಟ್ಟುವವರು ಬೇಕು.

ನೀವು ಏನು ಮಾಡಬೇಕು?

ಮೇಲಿನ ಕೋರ್ಟು ಹೇಳಿದ್ದು ಕೆಳಗಿನ ಕೋರ್ಟಿಗೆ ತಾನಾಗಿ ನಡೆದು ಬರುವುದಿಲ್ಲ. ಯಾರಾದರೂ ಹೊತ್ತು ತರಬೇಕು. ಸಾಲಗಾರ ಬಾರದೆ, ಬಾಯಿ ಬಿಡದೆ ಇದ್ದರೆ ಬ್ಯಾಂಕಿನ ವಕೀಲರ ಮಾತೇ ಕೊನೆಯ ಮಾತು. ಆದ್ದರಿಂದ ಇದನ್ನು ಮನಸ್ಸಿಟ್ಟು ಓದಿ.

ನೋಟೀಸು ಬಂದರೆ ಓಡಿಹೋಗಬೇಡಿ. ಅಮಲ್ಜಾರಿ ಅರ್ಜಿಯಲ್ಲಿ "ನಿನ್ನನ್ನು ಯಾಕೆ ಜೈಲಿಗೆ ಹಾಕಬಾರದು, ಬಂದು ಹೇಳು" ಎಂದು ನೋಟೀಸು ಬರುತ್ತದೆ. ಹೆದರಿ ನೆಂಟರ ಊರಿಗೆ ಹೋಗಿ ಕೂತರೆ ವಾರಂಟು ಹೊರಡುತ್ತದೆ, ಮೇಲೆ ತಲೆತಪ್ಪಿಸಿಕೊಂಡವನು ಎಂಬ ಹೆಸರೂ ಬರುತ್ತದೆ. ಹಾಜರಾಗಿ. ಹಾಜರಾದ ಮೇಲೆ ಮೊದಲು ಸಾಕ್ಷಿ ಕೊಡಬೇಕಾದವನು ಸಾಲ ಕೊಟ್ಟವನು, ಆಮೇಲೆ ನಿಮ್ಮ ಸರದಿ. ಸಂಹಿತೆಯ 21ನೇ ಆದೇಶದ 37 ಮತ್ತು 40ನೇ ನಿಯಮಗಳು ಇದನ್ನು ಹೇಳುತ್ತವೆ.

ಕೈ ಬರಿದಾದದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಿ. ಮಂಡಿಯವರು ಕೊಡುವ ಲೆಕ್ಕದ ಚೀಟಿಯನ್ನು ನಾವು ಜೇಬಿನಲ್ಲೇ ಮುದುರಿ ಎಸೆಯುತ್ತೇವೆ. ಎಸೆಯಬೇಡಿ. ಗೊಬ್ಬರದ ಬಿಲ್ಲು, ಔಷಧಿ ಅಂಗಡಿಯ ಬಿಲ್ಲು, ಆಸ್ಪತ್ರೆಯ ಚೀಟಿ, ಬೆಳೆ ಹಾನಿಯ ಅರ್ಜಿಯ ನಕಲು, ಪಹಣಿ, ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಡಿ. ಖರ್ಚು ಇಷ್ಟು, ಬಂದದ್ದು ಇಷ್ಟು ಎಂದು ತೋರಿಸಿದರೆ, ನೀವು ಕಟ್ಟದವರಲ್ಲ, ಕಟ್ಟಲಾರದವರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಡ. ಬೆಲೆಯ ಅನ್ಯಾಯವನ್ನು ನಾವು ಭಾಷಣದಲ್ಲಿ ಹೇಳುತ್ತೇವೆ. ಕೋರ್ಟಿನಲ್ಲಿ ಅದನ್ನು ಹೇಳುವುದು ಆ ಚೀಟಿಗಳೇ.

"ಜಮೀನು ಇದೆಯಲ್ಲ" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಹಿಡುವಳಿದಾರನಿಗೆ ಎದುರಾಗುವ ಮೊದಲ ಪ್ರಶ್ನೆ ಇದೇ. ಜಮೀನಿನ ಮೇಲೆ ಜಪ್ತಿ ತರುವ ದಾರಿ ಸಾಲ ಕೊಟ್ಟವನಿಗೆ ಬೇರೆಯೇ ಇದೆ. ಅಡವಿಟ್ಟ ಜಮೀನು ಕೈಯಲ್ಲಿರುವ ದುಡ್ಡಲ್ಲ. ಕೊಚ್ಚಿಯವರಿಗೂ ಆಸ್ತಿ ಇತ್ತು, ಆದರೂ ಈಗ ಕಟ್ಟುವ ಶಕ್ತಿ ಇದೆಯೇ ಎಂದು ನೋಡಿ ಎಂದೇ ಕೋರ್ಟು ಹೇಳಿತು. ಇನ್ನೊಂದು ವಿಷಯ: ರೈತನ ಬೇಸಾಯದ ಸಲಕರಣೆ, ಬದುಕಿಗೆ ಬೇಕಾದ ದನ, ಬಿತ್ತನೆ ಕಾಳು, ತಾನು ವಾಸವಾಗಿರುವ ಮನೆ, ಇವನ್ನು ಸಾಮಾನ್ಯ ಹಣದ ಡಿಕ್ರಿಗೆ ಜಪ್ತಿ ಮಾಡಬಾರದೆಂದು 60ನೇ ಸೆಕ್ಷನ್ ಹೇಳುತ್ತದೆ. ಜಪ್ತಿ ಮಾಡಬಾರದ ಆಸ್ತಿಯನ್ನು ನಿಮ್ಮ ಶಕ್ತಿಯ ಲೆಕ್ಕಕ್ಕೂ ಸೇರಿಸಬಾರದು ಎಂದು 51ನೇ ಸೆಕ್ಷನ್ನಿನ ವಿವರಣೆಯೇ ಹೇಳುತ್ತದೆ.

ದಾವೆ ಬಿದ್ದ ಮೇಲೆ ಜಮೀನನ್ನು ಭಾವಮೈದುನನ ಹೆಸರಿಗೆ ಬರೆಯಬೇಡಿ. ಊರಿನ ಬುದ್ಧಿವಂತರು ಕೊಡುವ ಮೊದಲ ಸಲಹೆ ಇದು, ನಿಮ್ಮನ್ನು ಮುಳುಗಿಸುವ ಸಲಹೆಯೂ ಇದೇ. ಆಸ್ತಿಯನ್ನು ಮೋಸದಿಂದ ಸಾಗಿಸಿದವನಿಗೆ ಕೃಷ್ಣ ಅಯ್ಯರ್ ಅವರ ತೀರ್ಪೂ ಇಲ್ಲ, ವಿಶ್ವಸಂಸ್ಥೆಯೂ ಇಲ್ಲ. ಕಟ್ಟಲಾರದವನಾಗಿದ್ದ ನೀವು ಒಂದು ರುಜುವಿನಿಂದ ಮೋಸಗಾರರಾಗುತ್ತೀರಿ.

ಬರೆಯದ ಚೆಕ್ಕಿಗೆ ರುಜು ಹಾಕಿ ಕೊಡಬೇಡಿ. ಈಗಿನ ಸಾಲದವರು ಸಿವಿಲ್ ದಾವೆಯ ಗೋಜಿಗೇ ಹೋಗುವುದಿಲ್ಲ. ಖಾಲಿ ಚೆಕ್ಕು ತೆಗೆದುಕೊಂಡು ಅದು ವಾಪಸಾದಾಗ ಕ್ರಿಮಿನಲ್ ಕೇಸು ಹಾಕುತ್ತಾರೆ. ಅದಕ್ಕೆ ಎರಡು ವರ್ಷದವರೆಗೆ ಸಜೆ ಇದೆ. ಅಲ್ಲಿ ಈ 11ನೇ ವಿಧಿಯ ವಾದ ಸುಲಭಕ್ಕೆ ಓಡುವುದಿಲ್ಲ. ಹಿತ್ತಿಲ ಬಾಗಿಲಿನಿಂದ ಜೈಲು ಬರುವುದು ಹೀಗೆ.

ಮತ್ತೆ ಕೆಲವು ಸಣ್ಣ ಮಾತು. ಹಣದ ಡಿಕ್ರಿಗಾಗಿ ಹೆಂಗಸರನ್ನು ಹಿಡಿಯುವಂತಿಲ್ಲ. ಸಿವಿಲ್ ವಾರಂಟು ಹಿಡಿದು ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಮನೆಯೊಳಗೆ ನುಗ್ಗುವಂತಿಲ್ಲ. ಸಾಲಗಾರ ಜೈಲಿನಲ್ಲಿದ್ದಷ್ಟು ದಿನ ಅವನ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು. ಹೆಚ್ಚೆಂದರೆ ಮೂರು ತಿಂಗಳು. ಹೊರಗೆ ಬಂದ ಮೇಲೆ ಸಾಲ ತೀರಿತೇ? ಇಲ್ಲ, ಹಾಗೇ ಇರುತ್ತದೆ. ಅಂದಮೇಲೆ ಈ ಜೈಲು ಯಾರಿಗೆ ಬಂತು? ರೈತನಿಗೆ ಒಂದು ಬೆಳೆ ಹೋಯಿತು, ಬ್ಯಾಂಕಿಗೆ ಒಂದು ಕಾಸೂ ಹುಟ್ಟಲಿಲ್ಲ. ಹೆದರಿಸುವುದೊಂದೇ ಅದರ ಲಾಭ.

ಇಷ್ಟೇ ಸಾಲದು

ಈ ತೀರ್ಪಿನ ಮಿತಿಯನ್ನೂ ಹೇಳಬೇಕು. ಅದು ಕರಾರಿನ ಸಾಲಕ್ಕೆ ಮಾತ್ರ. ದಂಡಕ್ಕೆ, ತೆರಿಗೆಗೆ, ಬಿಟ್ಟ ಹೆಂಡತಿಗೆ ಕೊಡಬೇಕಾದ ಜೀವನಾಂಶಕ್ಕೆ ಅದು ಬರುವುದಿಲ್ಲ. ಜೀವನಾಂಶಕ್ಕೆ ಬರಲೂಬಾರದು. ಸಾಲವನ್ನು ಕಂದಾಯ ಬಾಕಿಯಂತೆ ವಸೂಲಿ ಮಾಡಲು ಬಂದರೆ ದಾರಿ ಬೇರೆ. ಹೆಸರು ಬದಲಾಯಿಸಿದ ಮಾತ್ರಕ್ಕೆ ಕರಾರಿನ ಸಾಲ ಕಂದಾಯವಾಗುವುದಿಲ್ಲ ಎಂದು ಅಲ್ಲೂ ವಾದಿಸಬೇಕು. ಆ ವಾದವನ್ನು ನಾವು ಇನ್ನೂ ಕಟ್ಟಬೇಕಾಗಿದೆ.

ಮುಖ್ಯವಾಗಿ, ಯಾವ ಕೋರ್ಟೂ ನಮ್ಮ ರಾಗಿಗೆ, ಈರುಳ್ಳಿಗೆ, ಕೊಬ್ಬರಿಗೆ ಬೆಲೆ ಕಟ್ಟಿಕೊಡುವುದಿಲ್ಲ. ಕಟ್ಟಲಾರದ ಸ್ಥಿತಿಗೆ ರೈತನನ್ನು ತಂದದ್ದು ಬೆಲೆಯ ಅನ್ಯಾಯ. ಅದರ ವಿರುದ್ಧದ ಹೋರಾಟ ಬೀದಿಯಲ್ಲೇ ಆಗಬೇಕು. 1980ರ ದಶಕದಲ್ಲಿ ನಮ್ಮ ಹಳ್ಳಿಗಳು ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಎಂದು ಊರ ಮುಂದೆ ಬೋರ್ಡು ಹಾಕಿದವು, ಜಪ್ತಿ ಮಾಡಿದ ಸಾಮಾನನ್ನು ಮರುಜಪ್ತಿ ಮಾಡಿ ತಂದವು. ಆ ಧೈರ್ಯಕ್ಕೆ ಬದಲಾಗಿ ಕಾನೂನಿನ ಪುಸ್ತಕ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಊರು ಒಗ್ಗಟ್ಟಾಗಿ ನಿಂತಾಗ ಅಮೀನ ವಾಪಸು ಹೋಗುತ್ತಾನೆ. ಆದರೆ ಕೋರ್ಟಿನ ಕಟಕಟೆಯಲ್ಲಿ ರೈತ ಒಬ್ಬನೇ ನಿಂತಿರುತ್ತಾನೆ. ಅಲ್ಲಿ ಅವನ ಪಕ್ಕದಲ್ಲಿ ನಿಲ್ಲಲು ಏನಾದರೂ ಬೇಕಲ್ಲ?

ಆದ್ದರಿಂದ ಪ್ರತಿ ಗ್ರಾಮ ಘಟಕದಲ್ಲೂ ಆ ತೀರ್ಪಿನ ಒಂದು ಪ್ರತಿ ಇರಲಿ. ಓದಿದ ಹುಡುಗರಿದ್ದರೆ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಸೊಸೈಟಿಯ ಗೋಡೆಗೆ ಅಂಟಿಸಲಿ. ವಕೀಲರ ಫೀಜಿಗೆ ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ವಕೀಲರು ಒಡಂಬಡಿಕೆಯ ಹೆಸರು ಕೇಳಿ ಹುಬ್ಬೇರಿಸಿದರೆ "ಸ್ವಾಮಿ, 1980ರ ಸುಪ್ರೀಂ ಕೋರ್ಟು, ಜಾಲಿ ಜಾರ್ಜ್ ವರ್ಗೀಸ್" ಅಂತ ನೀವೇ ಹೇಳಿ. ಮತ್ತೆ ಸಂಸದರು ಓಟು ಕೇಳಲು ಬಂದಾಗ ಒಂದು ಪ್ರಶ್ನೆ ಇಡಿ: 1979ರ ರುಜುವಿಗೆ ತಕ್ಕ ತಿದ್ದುಪಡಿ ಯಾವಾಗ?

ಇಷ್ಟೆಲ್ಲ ಆಗುವುದಕ್ಕೆ ಮುಂಚೆ ಒಂದು ಕೆಲಸ ಇವತ್ತೇ ಆಗಲಿ. ನಿಮ್ಮ ಓಣಿಯಲ್ಲಿ ನೋಟೀಸು ಕೈಯಲ್ಲಿಟ್ಟುಕೊಂಡು ಯಾರಿಗೂ ಹೇಳದೆ ಒಳಗೇ ಬೇಯುತ್ತಿರುವವನು ಒಬ್ಬನಾದರೂ ಇರುತ್ತಾನೆ. ಸಂಜೆ ಅವನ ಜಗಲಿಗೆ ಹೋಗಿ ಕೂತುಕೊಳ್ಳಿ. "ನೀನು ಕಳ್ಳನಲ್ಲ ಕಣಪ್ಪ, ಕಟ್ಟಲಾರದವನನ್ನು ಜೈಲಿಗೆ ಹಾಕುವ ಹಾಗಿಲ್ಲ, ನಾಳೆ ನಾವೂ ಕೋರ್ಟಿಗೆ ಬರ್ತೀವಿ" ಅಂತ ಹೇಳಿ. ಆ ಮಾತಿನಿಂದ ಒಂದು ಜೀವ ಉಳಿಯಬಹುದು.